ಹತ್ತೊಂಬತ್ತನೆಯ ಬಾಗಿಲು

ನಿಂತ ನೆಲ ಯಾವ ಕ್ಷಣದಲ್ಲಾದರೂ ಬ್ರೇಕು ಹಾಕೀತು ಎಂಬ ಶಂಕೆಯಲ್ಲೇ ನಡೆಯುವ ಮನುಷ್ಯನನ್ನು ನೋಡಬೇಕೆಂದರೆ ನಮ್ಮ ಬೀದಿಯ ಕಂಡಕ್ಟರನ್ನು ನೋಡಬೇಕು. ಮೂವತ್ತೊಂದು ವರ್ಷ ಓಡುವ ಬಸ್ಸಿನೊಳಗೆ ನಿಂತು ಬಾಳಿದ ಕಾಲುಗಳವು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಭೂಮಿ ನಿಶ್ಚಲವಾಗಿದೆಯೆಂಬ ವಾರ್ತೆ ಅವಕ್ಕಿನ್ನೂ ತಲುಪಿಲ್ಲ. ಪಾದಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಸಡಿಲಿಸಿ, ಮೈಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ ಅವರು ಬರುತ್ತಿದ್ದರೆ ಎದುರಿಗೆ ಬಂದವರು ತಮಗರಿವಿಲ್ಲದೆಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಮಾತಾಡುವಾಗಲಂತೂ ಎಡಗೈ ತಲೆಯ ಮೇಲೆ ಇಲ್ಲದ ಕಂಬಿಯನ್ನು ಹುಡುಕುತ್ತಲೇ ಇರುತ್ತದೆ.

ಇನ್ನು ಆ ಕೋಟು. ಇಲಾಖೆ ಕೊಟ್ಟ ಖಾಕಿಯದು, ಬಣ್ಣ ಮಾಸಿ ಚಹಾದ ಬಣ್ಣಕ್ಕೆ ಬಂದಿದೆ. ಎಡಜೇಬಿನಲ್ಲಿ ಟಾರ್ಚು, ಬಲಜೇಬಿನಲ್ಲಿ ಹಗ್ಗದ ಸುರುಳಿ, ಎದೆಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿ ಮಡಿಸಿಟ್ಟ ಪಟ್ಟಿ, ಕೊರಳಲ್ಲಿ ಕಪ್ಪು ದಾರದ ಸೀಟಿ. ಭಾರಕ್ಕೆ ಆ ಜೇಬುಗಳು ತಿಂಗಳಿಗೊಮ್ಮೆ ಹರಿಯುತ್ತಿದ್ದವು, ಹರಿದದ್ದನ್ನು ಅವರ ಹೆಂಡತಿ ತಿಂಗಳಿಗೊಮ್ಮೆ ಹೊಲಿಯುತ್ತಿದ್ದರು. ಹರಿದ ಜೇಬು ತಾನಾಗಿಯೇ ಕೂಡಿಕೊಳ್ಳುತ್ತದೆಂದು ನಮ್ಮ ಕಂಡಕ್ಟರು ತಿಳಿದಿದ್ದರೋ ಏನೋ, ಆ ಬಗ್ಗೆ ಅವರು ಒಂದು ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಅವರ ಬಿಡಲಾರದ ಚಟವೆಂದರೆ ತಲೆ ಎಣಿಸುವುದು. ಕ್ಷೌರದಂಗಡಿಗೆ ಹೋದರೂ ಸರಿ, ವೈದ್ಯರ ಬಾಗಿಲಲ್ಲಿ ಜ್ವರ ಹೊತ್ತು ಕೂತರೂ ಸರಿ, ತುಟಿ ಅಲುಗುತ್ತಿರುತ್ತದೆ, ಬೆರಳು ಗಾಳಿಯಲ್ಲಿ ಕುಣಿಯುತ್ತಿರುತ್ತದೆ. ಈ ಚಟಕ್ಕೊಂದು ಘನವಾದ ಉದ್ದೇಶ ಒದಗಿದ್ದು ಹೊಳೆಯಿಂದ. ನಮ್ಮ ಬೀದಿ ತಗ್ಗಿನದು, ಹಿತ್ತಿಲ ಬೇಲಿ ದಾಟಿದರೆ ಹೊಳೆ. ಮೂರು ವರ್ಷದ ಹಿಂದೆ ನೀರು ಏಕಾಏಕಿ ಮನೆಗಳಿಗೆ ನುಗ್ಗಿದಾಗ ನಾವೆಲ್ಲ ಎದ್ದೆವೋ ಬಿದ್ದೆವೋ ಎಂದು ದಿಣ್ಣೆಯ ಮೇಲಿನ ಶಾಲೆಗೆ ಓಡಿದ್ದೆವು. ದರ್ಜಿಯ ಅಪ್ಪನನ್ನು ಮಗ ಕರೆತಂದಿರುತ್ತಾನೆಂದು ಸೊಸೆ, ಸೊಸೆ ಕರೆತಂದಿರುತ್ತಾಳೆಂದು ಮಗ, ಇಬ್ಬರಲ್ಲೊಬ್ಬರು ಕರೆತಂದಿರುತ್ತಾರೆಂದು ನಾವು. ಕಿವಿ ಕೇಳದ ಆ ಮುದುಕ ಹೊಲಿಗೆ ಮೇಜಿನ ಮೇಲೆ ಅರ್ಧ ದಿನ ಒಬ್ಬನೇ ಕೂತಿದ್ದ. ಜೀವ ಉಳಿದದ್ದು ಅವನ ಪುಣ್ಯ, ನಮ್ಮದೂ ಹೌದು.

ಅವತ್ತು ಶಾಲೆಯ ಜಗಲಿಯಲ್ಲಿ ಕಂಡಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದ ಮಾತು ಈಗ ನಮ್ಮ ಮಕ್ಕಳಿಗೂ ಬಾಯಿಪಾಠ. "ಬಂದಿರ್ತಾರೆ ಅಂತ ಹೇಳ್ಬೇಡಿ. ಬಂದ್ರಾ, ಇಲ್ವಾ, ಅದನ್ನ ಹೇಳಿ."

ಬೀದಿಯವರ ಮನಸ್ಸು ಗಟ್ಟಿಯಾಗಲು ಎರಡು ವರ್ಷ ಹಿಡಿಯಿತು, ಆಮೇಲೆ ವ್ಯವಸ್ಥೆ ಒಂದೇ ವಾರದಲ್ಲಿ ಸಿದ್ಧವಾಯಿತು. ಬೀದಿಯಲ್ಲಿ ಹತ್ತೊಂಬತ್ತು ಮನೆ. ಕಂಡಕ್ಟರನ್ನು ಬಿಟ್ಟು ಐವತ್ತಮೂರು ತಲೆ. "ಭರ್ತಿ ಒಂದು ಬಸ್ಸು," ಎನ್ನುತ್ತಿದ್ದರು ಹೆಮ್ಮೆಯಿಂದ. ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ಅಭ್ಯಾಸ. ಎರಡು ಸೀಟಿ ಎಂದರೆ ಮನೆ ಬಿಟ್ಟು ಹೊರಡಿ. ಒಂದೊಂದು ಬಾಗಿಲಿಗೂ ಒಬ್ಬೊಬ್ಬ ಸ್ವಯಂಸೇವಕ; ಅವನು ಆ ಬಾಗಿಲು ತಟ್ಟಬೇಕು, ಒಳಗಿನವರನ್ನು ಕಣ್ಣಾರೆ ಕಂಡು ಕರೆತರಬೇಕು. ಶಾಲೆಯ ಗೇಟಿನಲ್ಲಿ ತಲೆ ಎಣಿಕೆ. ಲೆಕ್ಕ ಪೂರ್ತಿಯಾದರೆ, ಆಗ ಮಾತ್ರ, ಒಂದೇ ಒಂದು ಉದ್ದ ಸೀಟಿ: ಎಲ್ಲರೂ ಬಂದಾಯಿತು.

ನನಗೆ ಬಂದದ್ದು ದರ್ಜಿಯ ಮನೆ. "ಮೇಷ್ಟ್ರೇ, ತಾತಂಗೆ ಬಾಗಿಲು ತಟ್ಟಿದ್ರೆ ಕೇಳ್ಸಲ್ಲ, ನೀವು ನೂಕ್ಕೊಂಡೇ ಹೋಗಿ," ಎಂದು ವಿಶೇಷ ಅನುಮತಿಯೂ ದೊರೆಯಿತು. ತಾತನನ್ನು ಕುರ್ಚಿಯಲ್ಲಿ ಕೂರಿಸಿ ಹೊರುವ ಕೆಲಸಕ್ಕೆ ನನ್ನ ಜೊತೆ ಬೇಕರಿಯವನು, ಆಜಾನುಬಾಹು, ಆದರೆ ದಿಣ್ಣೆ ಅರ್ಧ ಏರುವಷ್ಟರಲ್ಲಿ ಅವನನ್ನೇ ಯಾರಾದರೂ ಹೊರಬೇಕೇನೋ ಎಂಬಂತೆ ಏದುಸಿರು ಬಿಡುವವನು. ಈ ಮೆರವಣಿಗೆಯ ರುಚಿ ತಾತನಿಗೆ ಎಷ್ಟು ಹತ್ತಿತೆಂದರೆ ಭಾನುವಾರ ಮೂರೂವರೆಗೇ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಸಿದ್ಧನಾಗಿರುತ್ತಿದ್ದ. "ನಿಧಾನಕ್ಕೆ ಹೋಗ್ರಪ್ಪಾ, ಎಲ್ರೂ ನೋಡ್ಲಿ," ಎಂದು ನಮಗೇ ಹುಕುಂ ಬೇರೆ.

ಆದರೆ ಆ ಉದ್ದ ಸೀಟಿಯನ್ನು ಕಂಡಕ್ಟರು ಹನ್ನೊಂದು ತಿಂಗಳು ಊದಲಾಗಲಿಲ್ಲ. ಪ್ರತಿ ಸಲವೂ ಎಣಿಕೆ ಐವತ್ತೆರಡಕ್ಕೆ ನಿಲ್ಲುತ್ತಿತ್ತು. ಬಾರದ ಆ ಒಂದು ತಲೆ ಯಾರದೆಂದು ಹುಡುಕಬೇಕಾಗಿರಲಿಲ್ಲ, ಅದು ಅವರ ಹೆಂಡತಿಯದೇ. ಒಮ್ಮೆ ಒಲೆಯ ಮೇಲೆ ಹಾಲಿತ್ತಂತೆ, ಇನ್ನೊಮ್ಮೆ ನಲ್ಲಿಯಲ್ಲಿ ನೀರು ಬರುವ ಹೊತ್ತಂತೆ, ಮತ್ತೊಮ್ಮೆ ಸುಮ್ಮನೆ "ಆಗ್ಲಿಲ್ಲ." ಬೇಕರಿಯವನು ಗೇಟಿಗೆ ಒರಗಿಕೊಂಡು, "ಅಣ್ಣಾ, ಬೇರೆಯವರ ಮನೆ ಹೆಂಗಸ್ರು ನಿಮ್ ಮಾತು ಕೇಳ್ತಾರೆ, ಅದೇ ದೊಡ್ಡದು ಬಿಡಿ," ಎಂದರೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಂಡಕ್ಟರೂ ನಗುತ್ತಿದ್ದರು. ಆದರೆ ಬಾಯಿತನಕ ಹೋದ ಸೀಟಿ ಎದೆಗೆ ಮರಳುವಾಗ ಅವರ ಮುಖ ಸಣ್ಣಗಾಗುತ್ತಿದ್ದುದನ್ನು ನಾನು ಕಂಡಿದ್ದೇನೆ. ನೀರು ನಿಜವಾಗಿ ಬಂದ ದಿನವೂ ಇವಳು ಹೀಗೆಯೇ ಮಾಡಿದರೆ ಎಂಬ ಭಯ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಆಕೆ ಕಿಟಕಿಯ ಬಳಿ ಕೂತು, ಎಡಗಾಲನ್ನು ಮಣೆಯೊಂದರ ಮೇಲೆ ನೀಡಿಕೊಂಡು, ಅದೇ ಕೋಟಿನ ಜೇಬು ಹೊಲಿಯುತ್ತಿದ್ದರು. ಕಂಡಕ್ಟರು ಹೊಸದಾಗಿ ಬರೆದ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿದರು: ಯಾವ ಬಾಗಿಲಿಗೆ ಯಾರು, ಯಾರಿಗೆ ಔಷಧಿಯ ಡಬ್ಬಿ, ಯಾರಿಗೆ ಊರುಗೋಲು. ಬೇಕರಿಯವನ ನಾಯಿಯನ್ನು ಕರೆತರುವುದಕ್ಕೂ ಒಬ್ಬನಿದ್ದ. ಆಕೆ ಸೂಜಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ಅಷ್ಟೇನಾ?"

"ಅಷ್ಟೇ. ಇನ್ನೇನು ಬೇಕು?"

"ಏನಿಲ್ಲ," ಎಂದು ಆಕೆ ದಾರವನ್ನು ಹಲ್ಲಿನಿಂದ ಕಡಿದು ಕೋಟನ್ನು ಕೊಡವಿ ಕೊಟ್ಟರು. ಮೇಷ್ಟರೆನಿಸಿಕೊಂಡ ನನಗೂ ಏನೂ ಹೊಳೆಯಲಿಲ್ಲ.

ಆ ಹನ್ನೊಂದನೆಯ ತಿಂಗಳ ಮೂರನೆಯ ಭಾನುವಾರ, ಊಟ ಮುಗಿಸಿ ಎಲ್ಲರೂ ಕಾಲು ಚಾಚಿದ್ದ ಹೊತ್ತಿನಲ್ಲಿ, ಎರಡು ಸೀಟಿ ಕೇಳಿಸಿತು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲುಗಡೆ ಸುರಿದ ಮಳೆಗೆ ಹೊಳೆ ಕೆಂಪಗಾಗಿ ಬೇಲಿ ಮುಟ್ಟಿತ್ತು. ಕಂಡಕ್ಟರಿಗೆ ವಾರ ತಪ್ಪಿಹೋಗಿದೆ ಎಂದು ಗೊಣಗುತ್ತಲೇ ಜನ ಎದ್ದರು, ಎದ್ದವರು ಅಭ್ಯಾಸಬಲದಿಂದ ತಟ್ಟಬೇಕಾದ ಬಾಗಿಲು ತಟ್ಟಿದರು. ತಾತನೊಬ್ಬ ಮಾತ್ರ ತಲೆ ಬಾಚಿಕೊಳ್ಳಲು ಸಮಯ ಕೊಡಲಿಲ್ಲವೆಂದು ದಾರಿಯುದ್ದಕ್ಕೂ ಮುನಿಸಿಕೊಂಡಿದ್ದ. ಇಪ್ಪತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಶಾಲೆಯ ಗೇಟಿನೊಳಗಿತ್ತು. ಕೆಳಗೆ ನೀರು ರಸ್ತೆಯ ಅಂಚಿಗೆ ಬರತೊಡಗಿತ್ತು.

ಐವತ್ತೆರಡು.

ಅವತ್ತು ಯಾರೂ ನಗಲಿಲ್ಲ. ಕಂಡಕ್ಟರು ಇನ್ನೊಮ್ಮೆ ಎಣಿಸಿದರು. "ಬರ್ತಾಳೆ, ಸೀಟಿ ಕೇಳಿರುತ್ತೆ, ಹೊರಟಿರ್ತಾಳೆ," ಎಂದರು, ಅಂದವರೇ ತಟಕ್ಕನೆ ಬಾಯಿ ಮುಚ್ಚಿಕೊಂಡರು. ಮೂರು ವರ್ಷ ನಮಗೆಲ್ಲ ನಿಷೇಧಿಸಿದ್ದ ಮಾತು ಅವರ ಬಾಯಿಂದಲೇ ಬಂದಿತ್ತು. ಪಟ್ಟಿಯನ್ನು ಬಿಚ್ಚಿದರು. ಒಂದರಿಂದ ಹದಿನೆಂಟು ಬಾಗಿಲಿನ ಮುಂದೆ ಒಂದೊಂದು ಹೆಸರಿತ್ತು. ಹತ್ತೊಂಬತ್ತರ ಮುಂದೆ ಏನೂ ಇರಲಿಲ್ಲ. ಮರುಕ್ಷಣದಲ್ಲಿ ಅವರು ಇಳಿಜಾರಿನಲ್ಲಿ ಓಡುತ್ತಿದ್ದರು, ಹಿಂದೆ ನಾನು.

ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಅವರು ತಮ್ಮ ಮನೆಯ ಬಾಗಿಲನ್ನೇ ತಟ್ಟಿದರು. ಅಗುಳಿ ಹಾಕಿರಲಿಲ್ಲ, ನೂಕಿದ್ದರೆ ಸಾಕಿತ್ತು. ಆದರೂ ತಟ್ಟಿದರು.

"ಯಾರು?"

"ನಾನು ಕಣೇ."

"ಬನ್ನಿ."

ಆಕೆ ಹೊಸ್ತಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಲಿನಲ್ಲಿ ಚಪ್ಪಲಿ, ಮಡಿಲಲ್ಲಿ ಕಾಗದಪತ್ರದ ಚೀಲ, ಒಲೆ ಆರಿಸಿಯಾಗಿತ್ತು. "ನಮ್ಮನೆಗೂ ಒಂದು ಬಾಗಿಲಿದೆ ಅಂತ ಗೊತ್ತಾಯ್ತಾ?" ಎಂದರು, ಕೋಪವಿಲ್ಲದೆ. "ಹನ್ನೊಂದು ಸಲವೂ ಹೀಗೇ ತಯಾರಾಗಿ ಕೂತಿದ್ದೆ ಕಣ್ರೀ. ಮಂಡಿ ಹಿಡ್ಕೊಂಡು ವರ್ಷವಾಯ್ತು, ಆ ದಿಣ್ಣೆ ನಾನೊಬ್ಳೇ ಹತ್ತೋಕಾಗಲ್ಲ."

"ಹೇಳ್ಬಾರ್ದಿತ್ತಾ?"

"ಕೇಳ್ಬಾರ್ದಿತ್ತಾ?"

ಕುರ್ಚಿಯಲ್ಲೇ ಹೊರೋಣವೆಂದು ನಾನು ಮುಂದಾದೆ. "ಬೇಡ ಮೇಷ್ಟ್ರೇ, ಇವರು ಕೈ ಕೊಟ್ರೆ ಸಾಕು," ಎಂದರು. ಮೂವತ್ತೊಂದು ವರ್ಷ ಕಂಬಿ ಹಿಡಿದ ಆ ಎಡಗೈ ಕೊನೆಗೂ ಗಾಳಿಯಲ್ಲಿ ಹುಡುಕುವುದನ್ನು ಬಿಟ್ಟು ಆಕೆಯ ತೋಳನ್ನು ಹಿಡಿಯಿತು. ಅಗಲಿಸಿದ ಆ ಕಾಲುಗಳು ಅವತ್ತು ನೀರಿನ ಸೆಳೆತದಲ್ಲಿ ಒಂದಿಷ್ಟೂ ಜಗ್ಗಲಿಲ್ಲ. ಗೇಟು ತಲುಪಿ, ಆಕೆಯತ್ತ ಬೆರಳು ತೋರಿಸಿ, "ಐವತ್ತಮೂರು," ಎಂದು ಸೀಟಿ ಬಾಯಿಗಿಟ್ಟರೆ ಊದಲು ಉಸಿರೇ ಉಳಿದಿರಲಿಲ್ಲ. ಆಕೆ ಅದನ್ನು ಅವರ ಬಾಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ತಾವೇ ಊದಿದರು, ಎಷ್ಟು ಉದ್ದವಾಗಿ ಎಂದರೆ ತಾತನೂ ತಿರುಗಿ ನೋಡಿದ.

ಜನರ ಹೊಣೆ ಹೊರುವವರ ಕುಲವೇ ಹೀಗೆ. ಹೊರಗಿನವರೆಲ್ಲ ಅವರಿಗೆ ಪ್ರಯಾಣಿಕರು. ಮನೆಯವರನ್ನು ಮಾತ್ರ ಹೇಳದೆಯೇ ಹತ್ತುವ, ಕೇಳದೆಯೇ ಇಳಿಯುವ ಸಿಬ್ಬಂದಿಯೆಂದು ನಂಬಿರುತ್ತಾರೆ. ಅದು ಅನಾದರವಲ್ಲ, ಮಿತಿಮೀರಿದ ಭರವಸೆ. ಅಂಥವರಿಲ್ಲದ ಬೀದಿ ಒಂದು ಮಳೆಗಾಲವನ್ನೂ ದಾಟಲಾರದು. ಆದರೆ ಎಲ್ಲರ ಬಾಗಿಲನ್ನೂ ನೆನಪಿಡುವವನ ಮನೆಯ ಬಾಗಿಲು ಯಾರ ಪಾಲಿನದೆಂದು ಉಳಿದವರಾದರೂ ಕೇಳಬೇಕಲ್ಲ. ಹದಿನೆಂಟು ಮನೆಯವರು ನಾವು, ಹನ್ನೊಂದು ತಿಂಗಳು ಗೇಟಿನಲ್ಲಿ ನಿಂತು ನಕ್ಕೆವು, ಒಬ್ಬರೂ ಕೇಳಲಿಲ್ಲ.