ಕತ್ತರಿ ಬಿದ್ದ ನಕ್ಷತ್ರ

ಮಂಚದ ಕೆಳಗಿನ ಟ್ರಂಕನ್ನು ಮಗಳು ಎರಡೂ ಕೈಯಿಂದ ಎಳೆದಳು. ಅದು ಜಪ್ಪಯ್ಯ ಎನ್ನಲಿಲ್ಲ. ಕಾಲನ್ನು ಗೋಡೆಗೆ ಕೊಟ್ಟು ಮತ್ತೆ ಎಳೆದಾಗ ನೆಲವನ್ನು ಗೀರುತ್ತ ಹೊರಗೆ ಬಂತು. ನಡುಮನೆಯಲ್ಲಿ ಅಮ್ಮನ ಸುತ್ತ ಕುಳಿತಿದ್ದವರೆಲ್ಲ ಒಮ್ಮೆ ಈ ಕಡೆ ತಿರುಗಿ ನೋಡಿದರು.

"ಅಕ್ಕಾ, ಈಗ್ಯಾಕೆ ಅದನ್ನ ತೆಗೀತಿದೀಯ?" ತಮ್ಮ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ. "ಆ ಮನುಷ್ಯ ಇನ್ನೂ ಹೊರಗೆ ಕೂತಿದಾನೆ."

"ಕೂತಿರ್ಲಿ. ಅವನು ನೋಡ್ಲಿ ಅಂತಾನೇ ತೆಗೀತಿರೋದು."

ಆ ಮನುಷ್ಯ ಸಿನಿಮಾ ಕಂಪನಿಯವನು. ಬಿಳಿ ಅಂಗಿ, ಮೆತ್ತಗಿನ ಮಾತು. ಬೆಳಿಗ್ಗೆ ಒಂದು ದೊಡ್ಡ ಹೂವಿನ ಚಕ್ರ ಹೊತ್ತು ಬಂದಿದ್ದ. ಅದರ ಮೇಲೆ ಕಂಪನಿಯ ಹೆಸರಿತ್ತು, ಅಮ್ಮನ ಹೆಸರಿರಲಿಲ್ಲ. ಅಮ್ಮನ ಶವಪೆಟ್ಟಿಗೆಯ ಮುಂದೆ ಒಂದು ಗಳಿಗೆ ತಲೆ ತಗ್ಗಿಸಿ ನಿಂತವನು, ಅಕ್ಕ ತಮ್ಮ ಇಬ್ಬರನ್ನೂ ಪಕ್ಕಕ್ಕೆ ಕರೆದು ಅಮ್ಮ ಟ್ರಂಕಿನಲ್ಲಿಟ್ಟಿದ್ದ ಕಪ್ಪು ಬಟ್ಟೆಯ ಮಾತೆತ್ತಿದ. ಸಿನಿಮಾದ ಹಳೆಯ ಸಾಮಾನುಗಳನ್ನೆಲ್ಲ ಸೇರಿಸಿ ಮ್ಯೂಸಿಯಂ ಮಾಡುತ್ತಿದ್ದಾರಂತೆ. ಬಟ್ಟೆಯನ್ನು ಗಾಜಿನೊಳಗೆ ಇಡುತ್ತಾರಂತೆ. ಕೆಳಗೆ ‘ನಿರ್ದೇಶಕರ ಕಲ್ಪನೆಯ ಆಕಾಶ’ ಎಂದು ಫಲಕವಂತೆ. ಮಗಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಅಮ್ಮನ ಹೆಸರು ಬರೀರಿ, ಬಟ್ಟೆ ತಗೊಂಡು ಹೋಗಿ," ಎಂದಿದ್ದಳು.

"ಮೇಲಿನವರನ್ನ ಕೇಳ್ಬೇಕು ಮೇಡಂ."

"ಕೇಳಿ. ಅಮ್ಮನ್ನ ಎತ್ತೋದು ಮಧ್ಯಾಹ್ನದ ಮೇಲೆ. ಅಲ್ಲೀವರೆಗೂ ಟೈಮಿದೆ."

ಆಗಿನಿಂದ ಅವನು ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲಿ ಯಾರಿಗೋ "ಸರಿ ಸರ್, ಆಗ್ಲಿ ಸರ್" ಎನ್ನುತ್ತಲೇ ಇದ್ದ.

*

ಅಮ್ಮ ಕಿಟಕಿ ಪರದೆ ಹೊಲಿದು ಮಕ್ಕಳನ್ನು ಸಾಕಿದವಳು. ಊರಾಚೆಯ ಹಳೇ ಗೋದಾಮಿನಲ್ಲಿ ಯಾರೋ ಹುಡುಗರು ಬಾಹ್ಯಾಕಾಶದ ಸಿನಿಮಾ ತೆಗೆಯುತ್ತಿದ್ದಾರೆ, ಕಪ್ಪು ಪರದೆ ಬೇಕಂತೆ ಎಂದು ಪಕ್ಕದ ಮನೆಯ ಬಡಗಿ ಮಾವ ಅವಳನ್ನು ಕರೆದೊಯ್ದ. ಮಾವ ಅಲ್ಲಿ ಮರದಲ್ಲಿ ಆಕಾಶದ ಹಡಗು ಮಾಡುತ್ತಿದ್ದ. ನಿರ್ದೇಶಕನಿಗೆ ಇನ್ನೂ ಸರಿಯಾಗಿ ಗಡ್ಡ ಬಂದಿರಲಿಲ್ಲ, ತಲೆಯೊಳಗೆ ಮಾತ್ರ ಏಳು ಗ್ರಹಗಳ ಯುದ್ಧ ನಡೆದಿತ್ತು. ಬಟ್ಟೆಗೆ ಸೂಜಿಯಿಂದ ತೂತು ಹಾಕಿ ಹಿಂದಿನಿಂದ ದೀಪ ಬಿಟ್ಟರೆ ನಕ್ಷತ್ರ, ಇದು ಅವನ ಉಪಾಯ. ಆದರೆ ಯಾರು ಚುಚ್ಚಿದರೂ ತೂತುಗಳು ಸಾಲಾಗಿ ಬರುತ್ತಿದ್ದವು.

"ಇದು ಆಕಾಶ ಅಲ್ಲ, ಜರಡಿ!" ಎಂದು ಅವನು ತಲೆ ಚಚ್ಚಿಕೊಂಡ.

ಅಮ್ಮ ಮನೆಗೆ ಬಂದು ಸಾಸಿವೆ ಡಬ್ಬಿ ಎತ್ತಿಕೊಂಡು ಹೋದಳು. ಬಟ್ಟೆಯನ್ನು ನೆಲಕ್ಕೆ ಹಾಸಿ, ಮುಷ್ಟಿ ತುಂಬ ಸಾಸಿವೆ ಎರಚಿ, ಕಾಳು ಬಿದ್ದಲ್ಲೆಲ್ಲ ಚುಚ್ಚಿದಳು. ಕೆಲವು ಕಡೆ ಗುಂಪು, ಕೆಲವು ಕಡೆ ಖಾಲಿ. ದೀಪ ಹಾಕಿದಾಗ ಗೋದಾಮಿನವರೆಲ್ಲ ಕೈಕೆಲಸ ಬಿಟ್ಟು ಬಟ್ಟೆಯ ಮುಂದೆ ಬಂದು ನಿಂತರು.

"ದೇವರೂ ಹೀಗೇ ಎರಚಿರ್ಬೇಕು," ಎಂದಳು ಅಮ್ಮ. "ಕೂತು ಅಳತೆ ಹಿಡಿಯೋಕೆ ಅವನಿಗೇನು ಬೇರೆ ಕೆಲಸ ಇರ್ಲಿಲ್ವಾ?"

ಚುಚ್ಚುವ ಕೆಲಸದ ಕೊನೆಯ ದಿನ ಅವಳ ಕೈಯಿಂದ ಕತ್ತರಿ ಜಾರಿತು. ಮೂತಿ ಕೆಳಗಾಗಿ ಬಿದ್ದು ಬಟ್ಟೆಯ ನಡುವೆ ಬೆರಳು ತೂರುವಷ್ಟು ತೂತಾಯಿತು. ಆಮೇಲೆ ಹೊಲಿದರಾಯಿತು ಎಂದುಕೊಂಡವಳು ಮರೆತೇಬಿಟ್ಟಳು. ಅದು ಕಣ್ಣಿಗೆ ಬಿದ್ದದ್ದು ಚಿತ್ರೀಕರಣವೆಲ್ಲ ಮುಗಿದು ರೀಲು ತೊಳೆದು ಬಂದಾಗ. ಮತ್ತೆ ತೆಗೆಯಲು ಕಾಸಿಲ್ಲ. ನಿರ್ದೇಶಕ ನಾಯಕನ ಬಾಯಿಗೆ ಒಂದು ಮಾತು ಸೇರಿಸಿದ: "ಅಗೋ, ಅದು ನನ್ನ ಮನೆ." ಬಟ್ಟೆಯನ್ನು ನೆಲ ಒರೆಸಲು ಎಸೆದಿದ್ದರು. ಅಮ್ಮ ಅದನ್ನು ಒಗೆದು ಮಡಿಸಿ ಮನೆಗೆ ತಂದಳು.

*

ಬಿಡುಗಡೆಗೆ ಮೊದಲೇ ಪತ್ರಿಕೆಗಳು "ಹಲಗೆ ಹಡಗು, ಹರುಕು ಆಕಾಶ" ಎಂದು ಆಡಿಕೊಂಡಿದ್ದವು. ಬಿಡುಗಡೆಯಾದ ವಾರಕ್ಕೆ ಥಿಯೇಟರಿನ ಸಾಲು ಪಕ್ಕದ ಬೀದಿಗೆ ತಿರುಗಿತು. ಅಮ್ಮ ಮಕ್ಕಳನ್ನು ಕರೆದುಕೊಂಡು ಹೋದಳು. ಎಲ್ಲವನ್ನೂ ಕಳೆದುಕೊಂಡ ನಾಯಕ ಆ ದೊಡ್ಡ ನಕ್ಷತ್ರದ ಕೆಳಗೆ ಒಂಟಿಯಾಗಿ ನಿಂತು ಆ ಮಾತು ಆಡಿದಾಗ ಇಡೀ ಥಿಯೇಟರ್ ಮೂಗು ಒರೆಸಿಕೊಳ್ಳುತ್ತಿತ್ತು. ಅಮ್ಮ ಮಾತ್ರ ಬಿದ್ದು ಬಿದ್ದು ನಕ್ಕಳು.

"ಅಯ್ಯೋ, ಅದು ನನ್ನ ಕತ್ತರಿ ಕಣ್ರೋ!"

"ಶ್! ಸುಮ್ನೆ ಕೂತ್ಕೊಳ್ರೀ!" ಎಂದು ಹಿಂದಿನವರು ಗದರಿದರು.

ಕೊನೆಗೆ ಹೆಸರುಗಳು ಬಂದವು. ಜನ ಕಾಲು ತುಳಿದುಕೊಂಡು ಹೊರಟರೂ ಅಮ್ಮ ಅಲುಗಲಿಲ್ಲ. ಚಹಾ ತಂದುಕೊಟ್ಟವನ ಹೆಸರು ಬಂತು, ನಾಯಿ ಪಳಗಿಸಿದವನ ಹೆಸರು ಬಂತು. ಅವಳದು ಬರಲಿಲ್ಲ. ಬೇಗ ಹೋಯಿತೇನೋ ಎಂದು ಮುಂದಿನ ಆಟಕ್ಕೂ ಟಿಕೆಟ್ ತೆಗೆಸಿದಳು. ಆಗಲೂ ಬರಲಿಲ್ಲ.

"ಮುಂದಿನ ಸಿನಿಮಾದಲ್ಲಿ ಹಾಕ್ತೀನಿ ಅಕ್ಕಾ," ಎಂದು ನಿರ್ದೇಶಕ ಅಮ್ಮನಿಗೆ ಹೇಳಿದ. ಮುಂದಿನದು ಬಂತು, ಅದರ ಮುಂದಿನದೂ ಬಂತು. ಒಂಟಿ ನಕ್ಷತ್ರದ ಆಳವಾದ ಅರ್ಥವನ್ನು ಅವನು ಕಂಡಕಂಡಲ್ಲಿ ವಿವರಿಸಿದ. ಅಮ್ಮ ಅಳುತ್ತ ಕೂರಲಿಲ್ಲ. ಟೀವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ, ಕೊನೆಯ ಹೆಸರು ಮರೆಯಾಗುವ ಮೊದಲು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ತನ್ನ ಹೆಸರನ್ನು ತಾನೇ ಗಂಟಲು ಹರಿಯುವಂತೆ ಕೂಗಿ, "ಆಕಾಶ ಮಾಡಿದವಳು ನಾನು!" ಎನ್ನುತ್ತಿದ್ದಳು. ಬೀದಿಯವರು ಮೊದಮೊದಲು ನಕ್ಕರು. ಆಮೇಲೆ ಆ ಕೂಗು ಕೇಳದಿದ್ದರೆ ಸಿನಿಮಾ ಮುಗಿದಂತೆಯೇ ಅವರಿಗೆ ಅನಿಸುತ್ತಿರಲಿಲ್ಲ.

*

ಕಂಪನಿಯವನು ಒಳಗೆ ಬಂದ. ಮುಖ ನೋಡಿದರೇ ಉತ್ತರ ಗೊತ್ತಾಗುವಂತಿತ್ತು.

"ಆಗಲ್ವಂತೆ ಮೇಡಂ. ಆಗ ಹಾಕಿದ ಹೆಸರುಗಳೇ ಕೊನೆಯಂತೆ. ‘ಕಲಾ ವಿಭಾಗ’ ಅಂತ ಬೇಕಾದ್ರೆ ಸೇರಿಸ್ತಾರೆ."

"ವಿಭಾಗ ಸತ್ತಿಲ್ಲ ಸ್ವಾಮಿ, ನಮ್ಮಮ್ಮ ಸತ್ತಿರೋದು. ಬಟ್ಟೆ ಅವಳ ಜೊತೆ ಮಣ್ಣಿಗೆ ಹೋಗುತ್ತೆ."

ತಮ್ಮ ತಡೆಯಲಾಗದೆ ಅಂದ: "ಅಕ್ಕಾ, ಹಠ ಮಾಡ್ಬೇಡ. ಮಣ್ಣಲ್ಲಿ ಕೊಳೆತು ಹೋಗುತ್ತೆ. ಹೆಸರಿಲ್ಲದಿದ್ರೂ ಅಲ್ಲಿ ನಾಲ್ಕು ಜನ ನೋಡ್ತಾರೆ. ಅಮ್ಮನ ಕೈಕೆಲಸ ಇಷ್ಟು ವರ್ಷ ಬಾಳಿದ್ದು ಅದೊಂದರಲ್ಲೇ ಕಣೇ."

ಅವನ ಕಣ್ಣು ತುಂಬಿತ್ತು. ಅವನ ಮಾತಲ್ಲಿ ಸುಳ್ಳಿರಲಿಲ್ಲ, ಮಗಳಿಗೂ ಅದು ಗೊತ್ತಿತ್ತು. ಅವಳು ಪೆಟ್ಟಿಗೆಯ ಪಕ್ಕದಲ್ಲಿದ್ದ ಬಡಗಿ ಮಾವನ ಮುಖ ನೋಡಿದಳು. ಅವನೇ ರಾತ್ರಿಯಿಡೀ ಕೂತು ಆ ಪೆಟ್ಟಿಗೆ ಮಾಡಿದ್ದ.

"ನಾನು ಮಾಡಿದ ಹಡಗಿಗಿಂತ ಇದು ಗಟ್ಟಿ ಕಣಮ್ಮ," ಎಂದ ಮುದುಕ. "ಹಡಗು ಇದೆ ಅಂದ್ಮೇಲೆ ಆಕಾಶಾನೂ ಬೇಕು."

"ನಾಲ್ಕು ಜನ ತಾನೇ? ಇಲ್ಲೇ ಇದಾರೆ, ನೋಡ್ಲಿ," ಎಂದು ಮಗಳು ಬಟ್ಟೆ ಬಿಡಿಸಿ ಒಂದು ತುದಿಯನ್ನು ತಮ್ಮನ ಕೈಗಿಟ್ಟಳು. "ಕುರ್ಚಿ ಮೇಲೆ ಹತ್ತು."

ನಡುಮನೆಯ ದೊಡ್ಡ ಕಿಟಕಿಯಲ್ಲಿ ಇಳಿಹೊತ್ತಿನ ಬಿಸಿಲು ಬಡಿಯುತ್ತಿತ್ತು. ತಮ್ಮ ಒಂದು ಕಡೆ ಹತ್ತಿ ನಿಂತ. ಇನ್ನೊಂದು ಕಡೆ ಕಂಪನಿಯವನು ದಾರಿಗಡ್ಡವಾಗಿ ನಿಂತಿದ್ದ.

"ನೋಡ್ತಾ ನಿಂತ್ರೇನು? ಆ ತುದಿ ಹಿಡೀರಿ. ಮೇಲೆ, ಇನ್ನೂ ಮೇಲೆ."

ಅವನು ಹಿಡಿದ. ಕೋಣೆ ಕತ್ತಲಾಯಿತು. ಆಮೇಲೆ ಸಾಸಿವೆ ಬಿದ್ದಲ್ಲೆಲ್ಲ ಬೆಳಕು ಹೊರಟಿತು, ಕೆಲವು ಕಡೆ ಗುಂಪು, ಕೆಲವು ಕಡೆ ಖಾಲಿ. ಕತ್ತರಿಯ ತೂತಿನಿಂದ ಇಳಿದ ಬಿಸಿಲು ನೇರ ಅಮ್ಮನ ಕೈಯ ಮೇಲೆ ಬಿತ್ತು. ಯಾರೋ ಬಿಕ್ಕಿದರು. ಬಡಗಿ ಮಾವ ಎದ್ದು, ಸೊಂಟಕ್ಕೆ ಕೈಕೊಟ್ಟು, ಅವಳ ಹೆಸರನ್ನು ಕೂಗಿದ. ಮಗಳು ಕೂಗಿದಳು. ಕುರ್ಚಿಯ ಮೇಲಿಂದ ತಮ್ಮ ಕೂಗಿದ. ನಡುಮನೆ, ಮೆಟ್ಟಿಲು, ಬೀದಿ ಎಲ್ಲ ಸೇರಿ ಕೂಗಿದವು.

ಶವದ ಗಾಡಿಯವನು ಹಾರನ್ ಹೊಡೆದ. ಬಟ್ಟೆ ಕಿಟಕಿಯಿಂದ ಇಳಿದು ಪೆಟ್ಟಿಗೆಯ ಮೇಲೆ ಹರಡಿತು. ಆದರೆ ಅದರ ನಾಲ್ಕನೆಯ ತುದಿ ಇನ್ನೂ ಬಿಳಿ ಅಂಗಿಯವನ ಕೈಯಲ್ಲೇ ಇತ್ತು. ಬಿಡಿ ಎಂದು ಯಾರೂ ಹೇಳಲಿಲ್ಲ, ಅವನೂ ಬಿಡಲಿಲ್ಲ. ಪೆಟ್ಟಿಗೆ ಬಾಗಿಲು ದಾಟಿ ಬಿಸಿಲಿಗೆ ಬಂದಾಗ ಅವನ ಜೇಬಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಆ ತುದಿ ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವನು ಗಾಡಿಯವರೆಗೂ ನಡೆದ.