ಕಾಮಣ್ಣನ ಕುಣಿತದ ಸಿನಿಮಾ

ವೈಶಾಲಿ ಮಾಡಿದ್ದು ಒಂದೇ ಸಿನಿಮಾ. ಹಿಪ್ಪರಗಿಯ ಬೀರಪ್ಪನ ಗುಡಿ ಮುಂದೆ ಅವಳ ಅಪ್ಪ ಕಾಮಣ್ಣ ಡೊಳ್ಳು ಕಟ್ಟಿಕೊಂಡು ಹಾಡುತ್ತ ಕುಣಿಯುವುದೇ ಅದರ ಉದ್ದಕ್ಕೂ ಇತ್ತು. ಕಥೆ ಇಲ್ಲ, ಹೀರೋಯಿನ್ ಇಲ್ಲ. ಅದು ಮುಗಿದ ಮೇಲೆ ಕಾಮಣ್ಣನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದವು. ಮಾತು ತೊದಲಾಯಿತು, ಹಾಡು ಹೋಯಿತು. ಅವನ ಕುಣಿತ, ದನಿ ಎರಡೂ ಕೂಡಿ ಉಳಿದದ್ದು ಆ ಸಿನಿಮಾದಲ್ಲಷ್ಟೇ. ಅದನ್ನು ನಾಲ್ಕು ಮಂದಿಗೆ ಮುಟ್ಟಿಸಲೇಬೇಕೆಂದು ಮಗಳು ಹಟ ಹಿಡಿದಳು.

“ಫೈಟ್ ಎಲ್ಲೈತ್ರಿ ಇದರಾಗ?” ಎಂದ ಮುಧೋಳದ ಟಾಕೀಸಿನವನು. ಜಮಖಂಡಿಯವನು ಚಹಾ ಕುಡಿಸಿ ಕಳಿಸಿದ, ಅಷ್ಟೇ ಪುಣ್ಯ. ಸಿಟ್ಟಿಗೆದ್ದು ಇಂಟರ್‌ನೆಟ್ಟಿಗೆ ಹಾಕಿದರೆ, ಸಂಜೆಯೊಳಗೆ ಅದರ ದನಿಯೇ ಬಂದ್! ಹಿಂದೆ ಕ್ಯಾಸೆಟ್ ಕಂಪನಿಯೊಂದು ಕಾಮಣ್ಣನ ಮೇಳವನ್ನು ಮಹಾಲಿಂಗಪುರಕ್ಕೆ ಕರೆಸಿ, ಇದೇ ಪದಗಳನ್ನು ಹಾಡಿಸಿ, ಒಂದೊಂದು ಧೋತರ ಕೊಟ್ಟು ಹಕ್ಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿತ್ತು. ಈಗ ಅವನ ಗಂಟಲಿಗೂ ಒಡೆಯರು ಹುಟ್ಟಿಕೊಂಡಿದ್ದರು. ಇದು ಅಪ್ಪನದೇ ದನಿ ಎಂದು ವೈಶಾಲಿ ಎಷ್ಟು ಬರೆದುಕೊಂಡರೂ, ಹಾಡು ಕಂಪನಿಯದು ಎಂದು ಇಂಟರ್‌ನೆಟ್ಟಿನ ಯಂತ್ರ ಅದೇ ಉತ್ತರ ಕಳಿಸಿತು.

ಕೊನೆಗೆ ಮುಂಬೈಯ ಟೀವಿ ಕಂಪನಿಯೊಂದು, ದೇಶಕ್ಕೆಲ್ಲ ತೋರಿಸುತ್ತೇವೆ, ತಕರಾರಿನ ಹಾಡು ತೆಗೆದು ಬೇರೆ ಸಂಗೀತ ಹಾಕಿ ಎಂದಿತು. ಬಹಳ ಒದ್ದಾಡಿ ಅವಳು ಹೂಂ ಅಂದಳು. ಬನಹಟ್ಟಿಯ ಸ್ಟುಡಿಯೋದಲ್ಲಿ ದುಂಡೇಶನೆಂಬವನು ಕೀಬೋರ್ಡಿನ ಮೇಲೆಯೇ ಡೊಳ್ಳು ಬಾರಿಸಿಕೊಟ್ಟ.

“ಯಾರಿಗ್ ಗೊತ್ತಾಗತೈತ್ರಿ ಅಕ್ಕಾರ? ಛಲೋ ಕೂಡೇತಿ,” ಎಂದ.

ಅಪ್ಪನಿಗೆ ಅವಳು ಹೇಳಲಿಲ್ಲ. ಯಾವ ಬಾಯಿಂದ ಹೇಳುವುದು?

ಸಿನಿಮಾ ಓಡಿತು. ಬೀಳಗಿಯಿಂದ, ಪುಣೆಯಿಂದ ಫೋನುಗಳು ಬಂದವು. ತಾಯಿ ಪದ್ಮವ್ವ ಹಿಗ್ಗಿನಿಂದ ಓಣಿಯವರನ್ನೆಲ್ಲ ಕರೆದು, ಗಂಡನನ್ನು ಗೋಡೆಗೆ ಒರಗಿಸಿ ಕೂಡಿಸಿ ಟೀವಿ ಹಚ್ಚಿಸಿದಳು.

ಕಾಮಣ್ಣನ ಬಲಗೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ಟೀವಿಯಲ್ಲಿ ಅವನ ಕೈ ಡೊಳ್ಳಿಗೆ ಬೀಳುವುದೊಂದು ಗಳಿಗೆಗೆ, ಸದ್ದು ಬರುವುದು ಇನ್ನೊಂದಕ್ಕೆ. ಬಾಯಿ ಆಡುತ್ತಿತ್ತು, ಹಾಡಿರಲಿಲ್ಲ. ತೊಡೆಯ ಮೇಲಿನ ಕೈ ತಡವರಿಸಿತು, ಮತ್ತೆ ಹಿಡಿಯಲು ನೋಡಿತು, ನಿಂತುಬಿಟ್ಟಿತು.

“ಇಂವಾ ಯಾರಬೇ?” ಎಂದು ಮಗಳನ್ನು ಕೇಳಿದ.

“ನೀವ ಅಲ್ಲೇನ್ರಿ!” ಪದ್ಮವ್ವ ನಕ್ಕಳು.

“ತಾಳ ತಪ್ಪಾಕತ್ತಾನ. ನಾ ಅಲ್ಲ.”

ವೈಶಾಲಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. “ಅಪ್ಪಾ, ಹಾಡು...” ಎಂದಳು.

ಮರುದಿನ ರಬಕವಿಯಿಂದ ನಾಲ್ಕಾರು ಮಂದಿ ಸನ್ಮಾನಕ್ಕೆಂದು ಹಾರ, ಶಾಲು ಹಿಡಿದು ಬಂದರು. ಕಾಮಣ್ಣ ಹಾರವನ್ನು ಬಲಗೈಯಿಂದ ಆಚೆ ಸರಿಸಿದ.

“ನೀವು ನೋಡಿದಾಂವ ಬ್ಯಾರೆ ಅದಾನ್ರಿ,” ಎಂದು ತೊದಲಿದ. “ಹೋಗಿ ಅವಂಗ ಹಾಕ್ರಿ.”