ಯಾರಿಗೂ ಸಿಗದ ಅರಮನೆ

ತೀರಾ ಹಿಂದೆಯೇನಲ್ಲ, ಎಲ್ಲರ ಅಂಗೈಗೂ ಒಂದೊಂದು ಬೆಳಗುವ ಕಿಟಕಿ ಬಂದ ಮೇಲಿನ ಕಾಲದಲ್ಲಿ, ಒಬ್ಬ ಅಜ್ಜಿಯಿದ್ದಳಂತೆ. ಮಂಡಿನೋವಿನಿಂದ ಅವಳು ಮಹಡಿ ಇಳಿಯುತ್ತಿರಲಿಲ್ಲ; ಅವಳ ಕತೆಗಳು ಮಾತ್ರ ಊರೂರು ಸುತ್ತುತ್ತಿದ್ದವು. ಸಂಜೆ ಫೋನನ್ನು ಬಾಯಿಗೆ ಹಿಡಿದು ಅವಳು ಹೇಳಿದ್ದನ್ನು ದೂರದ ಮೊಮ್ಮಕ್ಕಳೆಲ್ಲ ಒಂದು ಗ್ರೂಪಿನಲ್ಲಿ ಕೇಳುತ್ತಿದ್ದರು.

ಜೊತೆಗಿದ್ದ ಮೊಮ್ಮಗಳು ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದುದರಿಂದ ಅವಳ ಹೆಸರೇ ಯಾಕಮ್ಮ ಎಂದಾಗಿತ್ತು. ಕತೆಗಳಲ್ಲಿ ಅವಳೇ ರಾಜಕುಮಾರಿ. ನೀರಿನ ಟ್ಯಾಂಕಿನ ಪಕ್ಕದ ಹಳದಿ ಅರಮನೆ ಅವಳದು. ಈಜಲು ಹೋಗುವಾಗ ಕೆಂಪು ಬಸ್ಸೆಂಬ ಆನೆ ಏರುವಳು. ತಿರುಗಿ ಬಂದಾಗ ಕಾವಲಿನ ಮುದುಕಿ, ಅಂದರೆ ಅಜ್ಜಿಯೇ, ಗೊರಕೆ ಹೊಡೆಯುತ್ತಿದ್ದರೆ ಹೂಕುಂಡದ ಕೆಳಗಿನ ಬೀಗದಕೈ ತೆಗೆದುಕೊಂಡು ಒಳಹೋಗುವಳು. ಕಂಡದ್ದನ್ನೆಲ್ಲ ಕತೆಗೆ ಹೆಣೆಯದಿದ್ದರೆ ಅಜ್ಜಿಗೆ ನಾಲಿಗೆ ತುರಿಸುತ್ತಿತ್ತು.

ಒಂದು ದಿನ ಗ್ರೂಪಿನಲ್ಲಿ ಗುಬ್ಬಿಯ ಚಿತ್ರ ಹಾಕಿಕೊಂಡವರೊಬ್ಬರು ಬರೆದರು: 'ಮುದುಕಿ ಮಲಗೋದು ಎಷ್ಟು ಹೊತ್ತಿಗೆ?'

ಈ ಗುಬ್ಬಿ ಯಾರು? ಯಾಕಮ್ಮ ದೊಡ್ಡಪ್ಪನ ಮಗನನ್ನು ಕೇಳಿದಳು. ಅವನು ಚಿಕ್ಕಪ್ಪನ ಮನೆಯವರಿರಬೇಕು ಎಂದುಕೊಂಡಿದ್ದ. ಚಿಕ್ಕಪ್ಪನ ಮಗಳು ದೊಡ್ಡಪ್ಪನ ಮನೆಯವರು ಎಂದುಕೊಂಡಿದ್ದಳು. ನೀನ್ಯಾರು ಎಂದು ನೇರವಾಗಿ ಬರೆದುಬಿಡಲು ಯಾಕಮ್ಮನ ಬೆರಳು ತುದಿಗಾಲಲ್ಲಿ ನಿಂತಿತ್ತು. ಅಷ್ಟರಲ್ಲಿ, ಇವರಿಗೆ ಅಜ್ಜಿಯ ನಿದ್ದೆಯ ಹೊತ್ತು ಯಾಕೆ ಬೇಕು ಎಂಬ ಇನ್ನೊಂದು ಪ್ರಶ್ನೆ ತಲೆಗೆ ಬಂತು. ಬರೆಯದೆ, ಅಳಿಸದೆ, ಫೋನನ್ನು ಹಾಗೇ ಅಮ್ಮನ ಕೈಗಿಟ್ಟಳು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅಮ್ಮನಿಗೆ ಸಣ್ಣ ಗೀರೂ ಕಾಣದೆ ಹೋಗುತ್ತಿರಲಿಲ್ಲ. ಮಗಳನ್ನು ಬೈಯಲಿಲ್ಲ, ತೋರಿಸಿದ್ದು ಒಳ್ಳೆಯದಾಯಿತು ಎಂದು ತಲೆ ಸವರಿದಳು. ಫೋನಿನ ಪರದೆಯ ಮೇಲಿದ್ದ ಆ ಮಾತಿನ ಚಿತ್ರ ತೆಗೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಿದಳು, ಗುಬ್ಬಿಯನ್ನು ಹೊರಹಾಕಿದಳು, ಬೀಗದಕೈಗೆ ಬೇರೆ ಜಾಗ ಕಂಡುಕೊಂಡಳು. ಆಟದ ಗೆಳೆಯರೂ ಕತೆ ಕೇಳಲಿ ಎಂದು ದೊಡ್ಡಪ್ಪನ ಮಗ ಗ್ರೂಪಿನ ಲಿಂಕನ್ನು ಎಲ್ಲೆಲ್ಲೋ ಹಂಚಿದ್ದನಂತೆ; ಗುಬ್ಬಿ ಒಳನುಸುಳಿದ್ದು ಹಾಗೆ. ಇನ್ನು ಕತೆ ಬೇಡ ಎಂದಳು ಅಮ್ಮ. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳಿಗೆ ಹೊರಗಿನ ಲೋಕವೆಂದರೆ ಅಂಗೈಯ ಆ ಕಿಟಕಿಯೊಂದೇ.

ಯಾಕಮ್ಮ ಅಮ್ಮನ ಬೆನ್ನುಬಿಡಲಿಲ್ಲ. ಕೊನೆಗೆ ಅಮ್ಮ ಮೆತ್ತಗಾದಳು.

"ಅತ್ತೆ, ನಮ್ಮನೆ ಯಾರಿಗೂ ಸಿಗದ ಹಾಗೆ ಒಂದೇ ಒಂದು ಕತೆ ಹೇಳಿ. ಆಮೇಲೆ ಗ್ರೂಪು ನಿಮ್ಮದೇ."

ಹೇಳಿಯೇ ತೀರುತ್ತೇನೆ ಎಂದು ಅಜ್ಜಿ ಮಾತುಕೊಟ್ಟಳು. ಪರೀಕ್ಷಕ, ಕೆಳಮನೆಯ ಅಂಚೆಯಣ್ಣ. ಅರ್ಧ ವಿಳಾಸ ಹಿಡಿದು ಇಡೀ ಮನೆ ಹುಡುಕುವುದು ಅವನ ಕಸುಬು.

ಅಜ್ಜಿ ಟ್ಯಾಂಕು, ಬಸ್ಸು ಎರಡನ್ನೂ ಬಿಟ್ಟು, ರೈಲಿನ ಕೂಗಿಗೂ ಶಾಲೆ ಗಂಟೆಗೂ ಕುಣಿಯುವ ರಾಜಕುಮಾರಿಯ ಕತೆ ಹೇಳಿದಳು. ಅಂಚೆಯಣ್ಣ ಕೇಳಿ ನಕ್ಕ. "ರೈಲಿನ ಕೂಗು, ಶಾಲೆ ಗಂಟೆ, ಎರಡೂ ಒಟ್ಟಿಗೆ ಕೇಳ್ಸೋದು ನಮ್ಮ ಬೀದೀಲಿ ಮಾತ್ರ ಅಜ್ಜಿ. ಕಾಗದ ತಂದು ಕೊಡ್ಲಾ?"

"ನಿನ್ನಂಥ ಬೇಹುಗಾರ ಇದ್ರೆ ರಾಜರು ಸೈನ್ಯ ಯಾಕಪ್ಪ ಸಾಕ್ಬೇಕಿತ್ತು" ಎಂದು ಅಜ್ಜಿ ಮೂತಿ ತಿರುವಿದಳು.

ಮತ್ತೆ ಹೇಳಿದಳು. ಈ ಸಲ ಅರಮನೆ ಏಳು ಕಡಲಾಚೆ. ಆದರೂ ಅಂಚೆಯಣ್ಣನಿಗೆ ಸಿಕ್ಕಿಬಿಟ್ಟಿತು: ರಾಜಕುಮಾರಿ ಕಡಲು ದಾಟುವ ಹೊತ್ತಿಗೆ ಸರಿಯಾಗಿ ಕಿಟಕಿಯಿಂದ ಸೊಪ್ಪಿನವನ ಕೂಗು ಫೋನಿನೊಳಕ್ಕೆ ನುಗ್ಗಿತ್ತು, ಬೀದಿಯ ಹೆಸರಿನ ಸಮೇತ. ಯಾಕಮ್ಮ ಓಡಿಹೋಗಿ ಕಿಟಕಿ ಮುಚ್ಚಿದಳು.

ಅಜ್ಜಿ ಸೋತು ಕೂತಳು. "ಕಂಡದ್ದು ಬಿಟ್ರೆ ಕತೆಗೆ ಉಪ್ಪೇ ಇಲ್ಲ ಕಣೇ."

"ಕಂಡಿದ್ದೇ ಯಾಕೆ ಬೇಕು ಅಜ್ಜಿ? ನೀರಲ್ಲಿ ಕಾಲಿಗೆ ನೆಲ ಸಿಗದಿದ್ರೆ ಹೆದರಿಕೆ ಆಗತ್ತಲ್ಲ, ಅದನ್ನ ಹೇಳು. ಅದು ಯಾವೂರಲ್ಲಾದ್ರೂ ಆಗತ್ತೆ."

ಅಜ್ಜಿ ಕಣ್ಣುಮುಚ್ಚಿ ಹೇಳತೊಡಗಿದಳು. ದಿನಕ್ಕೊಂದು ಮೋಡದ ಮೇಲೆ ಕಣ್ಣುಬಿಡುವ ಅರಮನೆಯೊಂದು ಎದ್ದಿತು. ಅದರಲ್ಲಿ ಹೆಸರಿಲ್ಲದೊಬ್ಬ ಹುಡುಗಿ. ಮೋಡದಿಂದ ಕಾಲು ಇಳಿಬಿಟ್ಟಳು, ನೆಲ ತಾಗಲಿಲ್ಲ, ಮೋಡದ ಅಂಚನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು. ಅಂಚೆಯಣ್ಣನ ಹುಬ್ಬು ಗಂಟಿಕ್ಕಿತು, ಸಡಿಲವಾಯಿತು. ಹುಡುಕುವುದನ್ನು ಮರೆತು ಅವನು ಬಾಯಿತೆರೆದು ಕೇಳುತ್ತಿದ್ದ.

"ಚೀಲ ಹೊತ್ತು ಜನ್ಮವಿಡೀ ಅಲೆದ್ರೂ ಈ ಮನೆ ಸಿಗಲ್ಲ ತಾಯಿ" ಎಂದ ಕೊನೆಗೆ.

ಅಮ್ಮ ಒಬ್ಬೊಬ್ಬರಿಗೂ ಕರೆ ಮಾಡಿ, ದನಿ ಗುರುತು ಹಿಡಿದು, ಗ್ರೂಪಿನಲ್ಲಿ ಮನೆಯವರನ್ನಷ್ಟೇ ಉಳಿಸಿದಳು. ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಕತೆಯನ್ನು ಕಳಿಸಿದಳು.